ದಿನಕ್ಕೆ ಎರಡು ಕಟ್ಟು ಬೀಡಿ, ಬರ್ಕೊಳ್ಳಿ

ಕಳೆದ ಭಾನುವಾರ ಬೆಳಗ್ಗೆ ನಮ್ಮ ಮನೆಯ ಜಗಲಿಯ ಮೇಲೆ ಒಂದು ಪವಾಡ ನಡೆಯಿತು. ಮೂವತ್ತು ವರ್ಷದಿಂದ ಸಿಗರೇಟು ಸೇದುತ್ತಿರುವ ನಾನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಆ ಚಟದಿಂದ ಪೂರ್ತಿ ಬಿಡುಗಡೆಯಾದೆ.

ಕಾಗದದ ಮೇಲೆ.

ನೆಲಮಂಗಲಕ್ಕೆ ಹೊಸದಾಗಿ ಬಂದಿರುವ ಇನ್ಷೂರೆನ್ಸ್ ಏಜೆಂಟರೊಬ್ಬರು ನನಗೊಂದು ಪಾಲಿಸಿ ಮಾಡಿಸಲು ಫಾರಂ ಹಿಡಿದು ಬಂದಿದ್ದರು. ಒಳ್ಳೆಯ ಮನುಷ್ಯ, ಎರಡು ಮಕ್ಕಳ ತಂದೆ, ಮಾತು ನಯ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡರು. ಆಮೇಲೆ ಕಾಯಿಲೆ ಕಸಾಲೆಯ ಪ್ರಶ್ನೆಗಳು ಬಂದವು. ಅಲ್ಲಿಂದ ಮುಂದೆ ಅವರ ಪೆನ್ನಿಗೆ ನನ್ನ ಅಗತ್ಯವೇ ಬೀಳಲಿಲ್ಲ. ಇಲ್ಲ, ಇಲ್ಲ, ಇಲ್ಲ ಎಂದು ತಾನೇ ಓಡಿತು. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಅಭ್ಯಾಸವುಂಟೆ ಎಂಬ ಪ್ರಶ್ನೆಗೂ ಒಂದು 'ಇಲ್ಲ' ಬಿತ್ತು. ಆ ಹೊತ್ತಿಗೆ ನನ್ನ ಬೆರಳ ಸಂದಿಯಲ್ಲಿ ಸಿಗರೇಟು ಉರಿಯುತ್ತಿತ್ತು. ಅದರ ಬೂದಿ ಅವರ ಫಾರಂ ಮೇಲೆಯೇ ಉದುರಿತು. ಅವರು ಬೂದಿಯನ್ನು ಉಫ್ ಎಂದು ಊದಿ ಮುಂದಿನ ಪ್ರಶ್ನೆಗೆ ಹೋದರು.

ಇದೇನು ಸ್ವಾಮಿ ಹೀಗೆ ಬರೆದಿರಿ ಎಂದು ಕೇಳಿದೆ. ಅದೆಲ್ಲ ಬರೀ ಫಾರ್ಮಾಲಿಟಿ ಸಾರ್ ಎಂದರು. ಹೌದು ಅಂತ ಬರೆದರೆ ಮೇಲಿನವರು ನೂರೆಂಟು ಕೇಳುತ್ತಾರೆ, ಡಾಕ್ಟರ ಹತ್ತಿರ ಓಡಾಡಿಸುತ್ತಾರೆ, ಕಂತು ಜಾಸ್ತಿಯಾದರೂ ಆಗಬಹುದು, ಯಾರಿಗೆ ಬೇಕು ಈ ತಾಪತ್ರಯ ಎಂದರು.

ನಾನು ಆ ಫಾರಂ ಇಸಿದುಕೊಂಡು ಹರಿದುಬಿಟ್ಟೆ. ಇನ್ನೊಂದು ತೆಗೆಸಿ, ಹೌದು, ದಿನಕ್ಕೆ ಎಂಟು ಅಂತ ಬರೆಯಿರಿ ಎಂದೆ. (ಹನ್ನೆರಡು ಎಂದು ಒಳಗಿನಿಂದ ನನ್ನ ಹೆಂಡತಿ ತಿದ್ದಿದಳು. ಹನ್ನೆರಡನ್ನೇ ಬರೆಯಲಾಯಿತು.)

ಏಜೆಂಟರು ನನಗೆ ತಲೆ ಸರಿಯಿದೆಯೋ ಇಲ್ಲವೋ ಎಂಬಂತೆ ನೋಡಿ, ಕಾಫಿ ಕುಡಿದು ಹೋದರು. ಅವರ ತಪ್ಪಲ್ಲ. ಅವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ನಿಮಗೂ ಗೊತ್ತಿಲ್ಲ. ಇಷ್ಟು ಕಾಲದಿಂದ ಈ ಅಂಕಣದಲ್ಲಿ ನನ್ನ ಹಲ್ಲುನೋವು, ಮಗಳ ಮದುವೆ, ಕಳೆದುಹೋದ ಕೊಡೆ ಎಲ್ಲವನ್ನೂ ನಿಮ್ಮ ಹತ್ತಿರ ಹೇಳಿಕೊಂಡಿದ್ದೇನೆ. ಇದೊಂದನ್ನು ಮಾತ್ರ ಹೇಳಿಲ್ಲ.

ನಾನೂ ಒಂದು ಕಾಲಕ್ಕೆ ಇನ್ಷೂರೆನ್ಸ್ ಏಜೆಂಟನಾಗಿದ್ದೆ. ಆ ಏಜೆನ್ಸಿಯನ್ನು ಕಳೆದುಕೊಂಡೆ. ಕಳೆದುಕೊಂಡ ಬಗೆಯನ್ನು ಹೇಳುವುದಕ್ಕೆ ನಾಚಿಕೆ. ಆದರೆ ಆ ಕತೆಯಲ್ಲಿ ನಾನು ಮುಖ್ಯನಲ್ಲ, ಮುನಿತಾಯಮ್ಮ ಎಂಬ ಒಬ್ಬ ಹೆಣ್ಣುಮಗಳು ಮುಖ್ಯ. ಆಕೆಯ ಸಲುವಾಗಿ ಹೇಳುತ್ತೇನೆ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಆಗ ನಾನು ಹೊಸಕೋಟೆಯಲ್ಲಿ ಒಂದು ಖಾಸಗಿ ಹೈಸ್ಕೂಲಿನ ಮೇಷ್ಟ್ರು. ಸಂಬಳ ಬಂದಾಗ ಬರುತ್ತಿತ್ತು. ಮನೆ ನಡೆಯಬೇಕಲ್ಲ? ಸ್ನೇಹಿತರೊಬ್ಬರು ಏಜೆನ್ಸಿ ಕೊಡಿಸಿದರು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ, ಭಾನುವಾರ ಇಡೀ ದಿನ, ಸೈಕಲ್ ಹತ್ತಿ ಸುತ್ತಮುತ್ತಲ ಹಳ್ಳಿಗಳಿಗೆ ಹೋಗುತ್ತಿದ್ದೆ.

ಸುಲಭದ ಕೆಲಸವಲ್ಲ. ಇನ್ಷೂರೆನ್ಸಿನವನು ಅಂದರೆ ಸಾವಿನ ಮಾತು ಹೊತ್ತುಕೊಂಡು ಬರುವವನು ಎಂದೇ ಆಗ ಲೆಕ್ಕ. ನನ್ನ ಸೈಕಲ್ ಕಂಡ ಕೂಡಲೇ ಬಾಗಿಲು ಹಾಕಿಕೊಂಡ ಮನೆಗಳುಂಟು. ಹಬ್ಬದ ದಿನ ಇವನ ಮುಖ ನೋಡಬಾರದು ಎಂದು ಗೊಣಗಿದ ಅಜ್ಜಿಯರುಂಟು.

ಹಾಗಿರುವಾಗ ಒಂದು ದಿನ ಸ್ಕೂಲಿನ ಮುಂದೆ ತರಕಾರಿ ಗಾಡಿ ನಿಲ್ಲಿಸಿ ಒಬ್ಬ ಮನುಷ್ಯ ನನ್ನನ್ನೇ ಹುಡುಕಿಕೊಂಡು ಬಂದ. ಹೆಸರು ಪಿಳ್ಳಪ್ಪ. ನನ್ನ ಓರಗೆಯವನು. ಸಮೇತನಹಳ್ಳಿಯಿಂದ ಇನ್ನೂ ಎರಡು ಮೈಲಿ ಒಳಗೆ ಅವನ ಊರು. (ಊರಿನ ಹೆಸರು ಬೇಡ. ಅಲ್ಲಿಯವರು ಈ ಪತ್ರಿಕೆ ಓದುತ್ತಾರೆ.) ಬಾವಿ ನೀರಿನಲ್ಲಿ ಹುರುಳಿಕಾಯಿ, ಬದನೆ, ಮೂಲಂಗಿ ಬೆಳೆದು, ತಾನೇ ಗಾಡಿ ಹೊಡೆದುಕೊಂಡು ಹೊಸಕೋಟೆಗೆ ತಂದು ಮಾರುತ್ತಿದ್ದ. ಹೆಂಡತಿ ಮುನಿತಾಯಮ್ಮ, ಇಬ್ಬರು ಹೆಣ್ಣುಮಕ್ಕಳು.

ತನಗೊಂದು ಪಾಲಿಸಿ ಬೇಕು ಎಂದ. ನಾನು ಬೆರಗಾದೆ. ನಾನಾಗಿ ಹೋಗಿ ಗಂಟೆಗಟ್ಟಲೆ ಹೇಳಿದರೂ ಒಪ್ಪದ ಜನರ ನಡುವೆ ಇವನು ತಾನಾಗಿ ಬಂದಿದ್ದಾನೆ. ಯಾಕಪ್ಪ ಎಂದು ಕೇಳಿದೆ. ಅವನ ಅಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳಂತೆ. ಇವನು ಚೆನ್ನಾಗಿಯೇ ನೋಡಿಕೊಂಡ. ಆದರೂ ಆಕೆ ಒಂದು ಸೀರೆ ಬೇಕಾದರೂ ಎರಡು ದಿನ ಯೋಚನೆ ಮಾಡಿ ಕೇಳುತ್ತಿದ್ದಳು. ಅದನ್ನು ನೋಡಿದ್ದೇನೆ ಮೇಷ್ಟ್ರೇ, ನನ್ನ ಹೆಂಡತಿ ಹಾಗೆ ಯಾರ ಬಾಗಿಲಲ್ಲೂ ನಿಲ್ಲಬಾರದು ಎಂದ.

ಆವತ್ತಿನಿಂದಲೇ ನನಗೆ ಪಿಳ್ಳಪ್ಪನ ಮೇಲೆ ಗೌರವ. ಗಂಡಸು ತಾನು ಸಾಯುತ್ತೇನೆ ಎಂದು ಒಪ್ಪಿಕೊಳ್ಳುವುದೇ ಅಪರೂಪ. ಸತ್ತ ಮೇಲೆ ಹೆಂಡತಿಯ ಮರ್ಯಾದೆ ಏನಾಗುತ್ತದೆ ಎಂದು ಬದುಕಿರುವಾಗಲೇ ಯೋಚಿಸುವವರು ಎಷ್ಟು ಮಂದಿ?

ಮಾರ್ಚ್ ತಿಂಗಳ ಕೊನೆಯ ವಾರ ಅವನ ಮನೆಗೆ ಹೋದೆ. ಮಾರ್ಚ್ ಎಂದರೆ ಏಜೆಂಟರಿಗೆ ಪರೀಕ್ಷೆಯ ತಿಂಗಳು. ವರ್ಷಕ್ಕೆ ಇಷ್ಟು ಪಾಲಿಸಿ ಅಂತ ತೋರಿಸಲೇಬೇಕು. ನನಗೆ ಒಂದು ಕಮ್ಮಿ ಬಿದ್ದಿತ್ತು. ಪಿಳ್ಳಪ್ಪ ಜಗಲಿಯ ಮೇಲೆ ಕಂಬಕ್ಕೆ ಒರಗಿ ಬೀಡಿ ಸೇದುತ್ತಾ ಕೂತಿದ್ದ. ಒಳಗೆ ಮುನಿತಾಯಮ್ಮ ರಾಗಿ ಬೀಸುತ್ತಿದ್ದರು. ನಾನು ಪ್ರಶ್ನೆ ಕೇಳಿದಾಗಲೆಲ್ಲ ಬೀಸುಕಲ್ಲಿನ ಸದ್ದು ನಿಲ್ಲುತ್ತಿತ್ತು. ಗಂಡನ ಉತ್ತರ ಮುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಫಾರಂ ಇಂಗ್ಲಿಷಿನಲ್ಲಿತ್ತು. ಪಿಳ್ಳಪ್ಪನಿಗೆ ಕನ್ನಡವೂ ಓದಲು ಬಾರದು. ನಾನು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಬೀಡಿ, ಸಿಗರೇಟು ಏನಾದರೂ ಉಂಟೆ ಎಂಬಲ್ಲಿಗೆ ಬಂದೆ. ಅವನು ನಕ್ಕ.

"ಕಾಣಲ್ವಾ ಮೇಷ್ಟ್ರೇ? ದಿನಕ್ಕೆ ಎರಡು ಕಟ್ಟು ಬೀಡಿ, ಬರ್ಕೊಳ್ಳಿ."

ನಾನೂ ನಕ್ಕೆ. ನಗುತ್ತಲೇ 'ನೋ' ಎಂದು ಬರೆದೆ.

ಯಾಕೆ ಬರೆದೆ? ಅವನದು ಸಣ್ಣ ಮೊತ್ತದ ಪಾಲಿಸಿ. ಎಲ್ಲ ಪ್ರಶ್ನೆಗೂ 'ನೋ' ಇದ್ದರೆ ಡಾಕ್ಟರ ತಪಾಸಣೆ ಇಲ್ಲದೆ ಪಾಸಾಗುತ್ತಿತ್ತು. ಒಂದು 'ಯೆಸ್' ಬಿದ್ದರೆ ತಪಾಸಣೆ, ರಿಪೋರ್ಟು, ಮೇಲಿನಿಂದ ಇನ್ನೆರಡು ಕಾಗದ. ಅಷ್ಟರಲ್ಲಿ ಏಪ್ರಿಲ್ ಬಂದುಬಿಡುತ್ತಿತ್ತು. ಇಷ್ಟೇ ಕಾರಣ. ಒಂದು ಬೀಡಿಗೆ ಯಾರು ಏನು ಮಾಡುತ್ತಾರೆ ಎಂದುಕೊಂಡೆ. ಅವನಿಗೆ ಹೇಳಲೂ ಇಲ್ಲ. ಕೆಳಗೆ ಅವನು ಹೆಬ್ಬೆಟ್ಟು ಒತ್ತಿದ. ಅದರ ಕೆಳಗೆ ಒಂದು ಒಕ್ಕಣೆ ಇತ್ತು. ಅರ್ಜಿದಾರನಿಗೆ ಓದು ಬಾರದ್ದರಿಂದ ಇದರಲ್ಲಿರುವುದನ್ನೆಲ್ಲ ಅವನ ಭಾಷೆಯಲ್ಲಿ ತಿಳಿಸಿ ಹೇಳಿದ್ದೇನೆ, ಅವನು ಹೇಳಿದ್ದನ್ನೇ ಬರೆದಿದ್ದೇನೆ ಎಂದು. ಅಲ್ಲಿ ನಾನು ಸಹಿ ಮಾಡಿದೆ. ಮೇಷ್ಟ್ರ ಸಹಿ, ನೀಟಾಗಿತ್ತು.

ಹದಿನಾಲ್ಕು ತಿಂಗಳಾಯಿತು. ಒಂದು ಬೆಳಗ್ಗೆ ಗಾಡಿಗೆ ಮೂಟೆ ಏರಿಸುತ್ತಿದ್ದ ಪಿಳ್ಳಪ್ಪ ಎದೆ ಹಿಡಿದುಕೊಂಡು ಕೂತ. ಮೈಯೆಲ್ಲ ಬೆವರು. ಆಲೂಗಡ್ಡೆ ಲಾರಿಯೊಂದರಲ್ಲಿ ಮಲಗಿಸಿಕೊಂಡು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಎರಡು ದಿನ ಮಾತಾಡಿಕೊಂಡೇ ಇದ್ದ. ಮೂರನೆಯ ದಿನ ಹೋಗಿಬಿಟ್ಟ. ನಲವತ್ತು ತುಂಬಿರಲಿಲ್ಲ.

ಕ್ಲೇಮಿನ ಕಾಗದಗಳನ್ನೂ ನಾನೇ ತುಂಬಿಸಿ ಕಳಿಸಿದೆ. ಒಂದೆರಡು ತಿಂಗಳ ಮೇಲೆ ಇನ್ಷೂರೆನ್ಸ್ ಆಫೀಸಿನಿಂದ ನನಗೊಂದು ಕಾಗದ ಬಂತು. ಪಾಲಿಸಿ ಮಾಡಿಸಿ ಎರಡು ವರ್ಷ ತುಂಬುವ ಮೊದಲೇ ಸಾವಾಗಿರುವುದರಿಂದ ಒಬ್ಬ ಅಧಿಕಾರಿ ಊರಿಗೇ ಬಂದು ವಿಚಾರಣೆ ಮಾಡುತ್ತಾರೆ, ಏಜೆಂಟರು ಹಾಜರಿರತಕ್ಕದ್ದು ಎಂದಿತ್ತು.

ಕಾಗದವನ್ನು ಎರಡೆರಡು ಸಲ ಓದಿದೆ. ಇದು ನಿಮಗೂ ಗೊತ್ತಿರಲಿ. ಪಾಲಿಸಿ ಅಂದರೆ ನಂಬಿಕೆಯ ಮೇಲೆ ನಿಂತ ಕರಾರು. ಆರೋಗ್ಯಕ್ಕೆ ಸಂಬಂಧಪಟ್ಟದ್ದನ್ನು ಗೊತ್ತಿದ್ದೂ ಮುಚ್ಚಿಟ್ಟರೆ ಕರಾರೇ ಬಿದ್ದುಹೋಗುತ್ತದೆ. ಕಂತು ಕಟ್ಟಿದ್ದೂ ವ್ಯರ್ಥ. ಎರಡು ವರ್ಷ ದಾಟಿದ ಮೇಲೆ ಹಾಗೆ ತಳ್ಳಿಹಾಕುವುದು ಅವರಿಗೂ ಕಷ್ಟ, ಬೇಕೆಂದೇ ಮೋಸ ಮಾಡಿದ್ದಾನೆ ಎಂದು ತೋರಿಸಬೇಕು. ಎರಡು ವರ್ಷದೊಳಗಾದರೆ ಒಂದೊಂದು ಅಕ್ಷರವನ್ನೂ ಕೆದಕಿ ನೋಡುತ್ತಾರೆ. ಪಿಳ್ಳಪ್ಪನ ಫಾರಮ್ಮಿನಲ್ಲಿ ನನ್ನ ಎರಡಕ್ಷರದ 'ನೋ' ಕೂತಿತ್ತು.

ಆಗ ನಾನು ಮಾಡಿದ್ದೇನು ಗೊತ್ತೆ? ನೆಟ್ಟಗೆ ಆಫೀಸಿಗೆ ಹೋಗಿ ತಪ್ಪೊಪ್ಪಿಕೊಳ್ಳಬಹುದಿತ್ತು. ಅದನ್ನು ಮಾಡಲಿಲ್ಲ. ಸೈಕಲ್ ಹತ್ತಿ ಹಳ್ಳಿಗೆ ಹೋದೆ. ಊರ ಪಟೇಲರು ಚಿಕ್ಕಣ್ಣನವರು. ಪಿಳ್ಳಪ್ಪನ ಮನೆಗೆ ಮೂರು ಮನೆ ಆಚೆ ಅವರ ಮನೆ. ಅವರನ್ನು ಕರೆದುಕೊಂಡು ಪಿಳ್ಳಪ್ಪನ ಜಗಲಿಯ ಮೇಲೇ ಕೂತು ವಿಷಯ ಹೇಳಿದೆ. ವಿಷಯ ಎಂದರೆ ಪೂರ್ತಿ ವಿಷಯವಲ್ಲ. ಇನ್ಷೂರೆನ್ಸಿನವರು ದುಡ್ಡು ಕೊಡದಿರಲು ನೆಪ ಹುಡುಕುತ್ತಾರೆ, ಪಿಳ್ಳಪ್ಪ ಬೀಡಿ ಸೇದುತ್ತಿದ್ದ ಅಂತ ಮಾತ್ರ ಯಾರೂ ಬಾಯಿ ಬಿಡಬೇಡಿ ಎಂದೆ. ಫಾರಮ್ಮಿನಲ್ಲಿ ಸುಳ್ಳು ಬರೆದವನು ನಾನೇ ಎಂದು ಹೇಳಲಿಲ್ಲ.

ಪಟೇಲರು ಎದ್ದು ನಿಂತರು. ಇದು ನಮ್ಮೂರ ಹೆಣ್ಣುಮಗಳ ಅನ್ನದ ಪ್ರಶ್ನೆ, ಒಂದು ನರಪಿಳ್ಳೆಯೂ ಬಾಯಿ ಬಿಡುವುದಿಲ್ಲ, ನೀವು ನಿಶ್ಚಿಂತೆಯಾಗಿ ಹೋಗಿ ಎಂದು ನನಗೇ ಧೈರ್ಯ ಹೇಳಿದರು. ಮುನಿತಾಯಮ್ಮ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡರು.

ಒಬ್ಬ ಮೇಷ್ಟ್ರ ಸುಳ್ಳು ಮುಚ್ಚುವುದಕ್ಕೆ ಒಂದಿಡೀ ಊರು ಸುಳ್ಳು ಹೇಳಲು ತಯಾರಾಯಿತು. ಅದೂ ಎಂಥ ಊರು? ತೂಕದಲ್ಲಿ ಒಂದು ಕಾಯಿ ಕಮ್ಮಿ ಬಿದ್ದರೆ ಎರಡು ಹಾಕಿ ಕೊಡುವಂಥ ಜನ.

ವಿಚಾರಣೆಯ ದಿನ ಅಧಿಕಾರಿಗಳು ಬಸ್ಸಿಳಿದು ಎರಡು ಮೈಲಿ ನಡೆದುಕೊಂಡು ಬಂದರು. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಕಂಕುಳಲ್ಲಿ ಚರ್ಮದ ಬ್ಯಾಗು. ರಾಯರು ಎಂದು ಕರೆಯೋಣ. ಜಗಲಿಯ ಮೇಲೆ ಚಾಪೆ ಹಾಸಿದ್ದರು. ಪಟೇಲರು, ಬೀಡಿ ಅಂಗಡಿಯ ಕೃಷ್ಣಪ್ಪ, ಪಕ್ಕದ ಮನೆಯವರು, ನಾನು, ಎಲ್ಲ ಸುತ್ತ ಕೂತಿದ್ದೆವು. ರಾಯರು ಬೆವರು ಒರೆಸಿಕೊಂಡು, ಜೇಬಿನಿಂದ ಒಂದು ಸಿಗರೇಟು ತೆಗೆದು, ಬೆಂಕಿಪೊಟ್ಟಣ ಕೇಳಿದರು.

ಯಾರೂ ಅಲ್ಲಾಡಲಿಲ್ಲ. ಪಟೇಲರು ಎಷ್ಟು ಬಿಗಿಯಾಗಿ ಹೇಳಿದ್ದರೆಂದರೆ ಕೃಷ್ಣಪ್ಪ ಆವತ್ತು ಅಂಗಡಿಯಲ್ಲಿದ್ದ ಬೀಡಿ ಕಟ್ಟುಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದ. ಬೀಡಿ ಹಚ್ಚಿಕೊಳ್ಳಲು ಅಂಗಡಿಯ ಮುಂದೆ ನೇತುಹಾಕಿರುತ್ತಿದ್ದ ನಾರಿನ ಹಗ್ಗವನ್ನೂ ಬಿಚ್ಚಿಟ್ಟಿದ್ದ. ನಾನೂ ನನ್ನ ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಬಂದಿದ್ದೆ. ಈಗ ಬೆಂಕಿಪೊಟ್ಟಣ ಕೊಡಬಹುದೋ ಬಾರದೋ ಎಂದು ಎಲ್ಲರೂ ಪಟೇಲರ ಮುಖ ನೋಡಿದರು. ಇಡೀ ಊರಿನಲ್ಲಿ ರಾಯರಿಗೆ ಒಂದು ಕಡ್ಡಿ ಬೆಂಕಿ ಸಿಗಲಿಲ್ಲ. ಅವರು ಸಿಗರೇಟನ್ನು ವಾಪಸ್ ಜೇಬಿಗೆ ಸೇರಿಸಿ, ಕಾಗದ ಬಿಚ್ಚಿದರು. (ಅಷ್ಟು ಹೊತ್ತಿಗೇ ಅವರಿಗೆ ಅರ್ಧ ಅರ್ಥವಾಗಿರಬೇಕು.)

ಒಬ್ಬೊಬ್ಬರನ್ನೇ ಕೇಳಿದರು. ಪಿಳ್ಳಪ್ಪನಿಗೆ ಬೀಡಿಯ ಅಭ್ಯಾಸವಿತ್ತೇ? ಪಟೇಲರು ಇಲ್ಲವೇ ಇಲ್ಲ ಎಂದರು. ಕೃಷ್ಣಪ್ಪ ನನ್ನ ಅಂಗಡಿಯಲ್ಲಿ ಅವನು ಬೆಲ್ಲ, ಉಪ್ಪು ಬಿಟ್ಟು ಬೇರೇನೂ ಕೊಂಡವನಲ್ಲ ಎಂದ. ಪಕ್ಕದ ಮನೆಯವರು ಅವನಿಗೆ ಹೊಗೆ ಅಂದರೇ ಆಗುತ್ತಿರಲಿಲ್ಲ ಎಂದರು. ರಾಯರು ಎಲ್ಲವನ್ನೂ ಬರೆದುಕೊಂಡರು. ನಾನು ತಲೆ ತಗ್ಗಿಸಿ ಚಾಪೆಯ ಎಳೆ ಎಣಿಸುತ್ತಿದ್ದೆ.

ಕೊನೆಗೆ ರಾಯರು ಬಾಗಿಲ ಕಡೆ ತಿರುಗಿದರು. ನೀವೇನು ಹೇಳುತ್ತೀರಮ್ಮ ಎಂದರು.

ಮುನಿತಾಯಮ್ಮ ಹೊಸ್ತಿಲು ದಾಟಿ ಹೊರಗೆ ಬಂದರು. ಸೆರಗು ಹೊದ್ದು ನಿಂತರು. ಧ್ವನಿ ಸಣ್ಣದು, ಆದರೆ ನಡುಗುತ್ತಿರಲಿಲ್ಲ.

"ಸೇದ್ತಿದ್ರು ಸ್ವಾಮಿ. ದಿನಕ್ಕೆ ಎರಡು ಕಟ್ಟು."

ಪಟೇಲರು, ಪಾಪ, ದುಃಖದಲ್ಲಿ ಏನೋ ಹೇಳುತ್ತಿದ್ದಾಳೆ, ಇದನ್ನು ಬರೆದುಕೊಳ್ಳಬೇಡಿ ಎಂದು ರಾಯರ ಕೈ ಹಿಡಿಯಲು ಹೋದರು. ಮುನಿತಾಯಮ್ಮ ಅವರ ಕಡೆ ತಿರುಗಿ, ನೀವೆಲ್ಲ ನನಗೋಸ್ಕರ ಹೇಳಿದಿರಿ, ನನಗೆ ಗೊತ್ತು ಎಂದರು. ಆಮೇಲೆ ರಾಯರಿಗೆ ಹೇಳಿದರು.

"ಅರ್ಜಿ ಬರೆಯೋವಾಗ ನಾನು ಒಳಗೆ ರಾಗಿ ಬೀಸ್ತಿದ್ದೆ. ಮೇಷ್ಟ್ರು ಬೀಡಿ ಸೇದ್ತೀಯಾ ಅಂತ ಕೇಳಿದ್ರು. ನಮ್ಮ ಯಜಮಾನ್ರು ಎರಡು ಕಟ್ಟು ಬರ್ಕೊಳ್ಳಿ ಅಂದ್ರು. ನನ್ನ ಕಿವಿಯಾರ ಕೇಳಿದೀನಿ. ಅದ್ರಲ್ಲಿ ಏನು ಬರ್ದೈತೋ ನನಗೆ ಓದೋಕೆ ಬರಲ್ಲ. ಮೇಷ್ಟ್ರು ಇಲ್ಲೇ ಅವ್ರೆ, ಕೇಳಿ. ಅವರು ಸುಳ್ಳು ಹೇಳೋರಲ್ಲ."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

ನಿಜ ಹೇಳಿಬಿಡುತ್ತೇನೆ. ಆ ಕ್ಷಣದಲ್ಲೂ ನನಗೆ ಸುಳ್ಳಿಗೆ ದಾರಿ ಇತ್ತು. ಪಿಳ್ಳಪ್ಪ 'ಇಲ್ಲ' ಎಂದೇ ಹೇಳಿದ್ದ, ನಾನು ಹಾಗೆಯೇ ಬರೆದೆ ಎಂದರೆ ಮುಗಿಯಿತು. ಸತ್ತವನು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ. ಓದು ಬಾರದ ಹೆಂಗಸಿನ ಮಾತಿಗಿಂತ ಮೇಷ್ಟ್ರ ಸಹಿಗೆ ಬೆಲೆ ಜಾಸ್ತಿ. ನನ್ನ ಏಜೆನ್ಸಿ ಉಳಿಯುತ್ತಿತ್ತು. ಸ್ಕೂಲಿನಲ್ಲಿ ಹೆಸರು ಉಳಿಯುತ್ತಿತ್ತು. ಆಕೆಗೆ ಏನೂ ಉಳಿಯುತ್ತಿರಲಿಲ್ಲ.

ಆದರೆ ಆ ಹೆಣ್ಣುಮಗಳು ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಬೆದರಿಕೆ ಇರಲಿಲ್ಲ. ಬೇಡಿಕೆಯೂ ಇರಲಿಲ್ಲ. ಮೇಷ್ಟ್ರು ಪಾಠ ಹೇಳುವುದನ್ನು ಮಕ್ಕಳು ಕಾಯುತ್ತಾರಲ್ಲ, ಹಾಗೆ ಕಾಯುತ್ತಿದ್ದರು.

"ಹೌದು ಸಾರ್, ಪಿಳ್ಳಪ್ಪ ಹೇಳಿದ್ದ," ಎಂದೆ. "ಇಲ್ಲ ಅಂತ ಬರೆದೋನು ನಾನು. ಅವನಿಗೆ ತಿಳಿಸಲೂ ಇಲ್ಲ."

ರಾಯರು ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟು, ಅದನ್ನೇ ಬರೆದು ಸಹಿ ಮಾಡಿ ಎಂದರು. ಬರೆದೆ. ಮುನಿತಾಯಮ್ಮನ ಹೇಳಿಕೆಗೆ ಹೆಬ್ಬೆಟ್ಟು ಹಾಕಿಸಿಕೊಂಡರು.

ಆಮೇಲೆ ರಾಯರು ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆದರು. ಆಸ್ಪತ್ರೆಯಿಂದ ತರಿಸಿದ್ದ ಪಿಳ್ಳಪ್ಪನ ಕೇಸ್ ಶೀಟಿನ ನಕಲು. ಬೀಡಿ, ದಿನಕ್ಕೆ ಎರಡು ಕಟ್ಟು, ಬಹಳ ವರ್ಷದಿಂದ ಎಂದು ಡಾಕ್ಟರು ಅದರಲ್ಲಿ ಬರೆದಿದ್ದರು. ಹಾಸಿಗೆಯ ಮೇಲೆ ಎದೆ ಹಿಡಿದುಕೊಂಡು ಮಲಗಿದ್ದ ಪಿಳ್ಳಪ್ಪ ಅಲ್ಲಿಯೂ ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿದ್ದ.

ಆ ಕಾಗದ ಬೆಳಗಿನಿಂದ ರಾಯರ ಬ್ಯಾಗಿನಲ್ಲೇ ಇತ್ತು! ಪಟೇಲರು, ಕೃಷ್ಣಪ್ಪ, ಪಕ್ಕದ ಮನೆಯವರು ಒಬ್ಬರಾದ ಮೇಲೊಬ್ಬರು ಇಲ್ಲ ಎನ್ನುತ್ತಿದ್ದಾಗ ಅದು ಅಲ್ಲೇ ಕೂತಿತ್ತು. ರಾಯರು ಪಟೇಲರಿಗೆ ಸಮಾಧಾನವಾಗಿಯೇ ಹೇಳಿದರು. ಈಯಮ್ಮನೂ ಇಲ್ಲ ಅಂದಿದ್ದರೆ ನಾನು ಎರಡು ಸಾಲು ಬರೆದು ಮುಗಿಸುತ್ತಿದ್ದೆ, ಗಂಡ ಮುಚ್ಚಿಟ್ಟ, ಹೆಂಡತಿಯೂ ಮುಚ್ಚಿಟ್ಟಳು, ಊರೂ ಕೂಡಿಕೊಂಡಿತು ಎಂದು. ಈಗ ಹಾಗೆ ಬರೆಯುವ ಹಾಗಿಲ್ಲ. ಹೇಳಬೇಕಾದವನು ಹೇಳಿದ್ದಾನೆ. ಬರೆಯಬೇಕಾದವನು ಬರೆದಿಲ್ಲ.

ಪಟೇಲರು ಎದ್ದು ಹೋದರು.

ಬಸ್ಸಿನವರೆಗೆ ರಾಯರ ಜೊತೆ ಸೈಕಲ್ ತಳ್ಳಿಕೊಂಡು ನಡೆದೆ. ದಾರಿಯಲ್ಲಿ ಯಾರೋ ಬೆಂಕಿ ಕೊಟ್ಟರು, ಅವರು ಕೊನೆಗೂ ಸಿಗರೇಟು ಹಚ್ಚಿದರು. ಹಣ ಬರುತ್ತದೆ ಎಂದು ಮಾತು ಕೊಡಲಾರೆ, ತೀರ್ಮಾನ ಮಾಡುವವರು ಮೇಲಿದ್ದಾರೆ ಎಂದರು. ನೀವು ಪ್ರಶ್ನೆ ಕೇಳಿದಾಗ ಅವನು ಹೇಳಿದ್ದು ಹೆಂಡತಿಯ ಬಾಯಲ್ಲೂ ಬಂತು, ನಿಮ್ಮ ಬರವಣಿಗೆಯಲ್ಲೂ ಬಂತು, ಆಸ್ಪತ್ರೆಯ ಕಾಗದದಲ್ಲೂ ಇದೆ, ನನ್ನ ಕೈಲಾದಷ್ಟು ಗಟ್ಟಿಯಾಗಿ ಬರೆಯುತ್ತೇನೆ ಎಂದರು. ಬಸ್ಸು ಹತ್ತುವ ಮುಂಚೆ ನನ್ನ ಭುಜ ತಟ್ಟಿದರು.

"ನಿಮ್ಮ ಏಜೆನ್ಸಿ ಉಳಿಯಲ್ಲ, ಮೇಷ್ಟ್ರೇ."

ಉಳಿಯಲಿಲ್ಲ. ಹದಿನೈದೇ ದಿನಕ್ಕೆ ಕಾಗದ ಬಂತು. ಹೆಂಡತಿಗೆ ಓದಿ ಹೇಳಿದೆ. ಅವಳು ಏಜೆನ್ಸಿಯ ಮಾತೇ ಎತ್ತಲಿಲ್ಲ. ಆ ಹೆಂಗಸಿಗೆ ದುಡ್ಡು ಬರುತ್ತದೋ ಇಲ್ಲವೋ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಾಗುವವರೆಗೂ ನಮ್ಮ ಮನೆಯಲ್ಲಿ ಊಟ ಗಂಟಲಲ್ಲಿ ಇಳಿಯುವುದಿಲ್ಲ ಬಿಡಿ ಎಂದಳು.

ಇಳಿಯಲೂ ಇಲ್ಲ. ತಿಂಗಳು ಒಂದಾಯಿತು, ಎರಡಾಯಿತು, ಮೂರಾಯಿತು. ಅತ್ತ ಹಳ್ಳಿಯಲ್ಲಿ ಮುನಿತಾಯಮ್ಮನಿಗೆ ಸುಖವಿರಲಿಲ್ಲ. ಪಟೇಲರು ಮಾತು ಬಿಟ್ಟಿದ್ದರು. ನಾಲ್ಕು ಜನರ ಎದುರು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದಳು ಎಂದು ಅವರ ಸಂಕಟ. ಕೃಷ್ಣಪ್ಪನ ಅಂಗಡಿಯಲ್ಲಿ ಸಾಮಾನು ಕೊಡುತ್ತಿದ್ದರು, ಮುಖ ಕೊಡುತ್ತಿರಲಿಲ್ಲ. ಒಳ್ಳೆಯದು ಮಾಡಲು ಹೋದವರ ಮನಸ್ಸು ನೊಂದರೆ ಅದು ಕೋಪಕ್ಕಿಂತ ಕಷ್ಟ. ಆಕೆ ಯಾರಿಗೂ ಸಮಜಾಯಿಷಿ ಹೇಳಲು ಹೋಗಲಿಲ್ಲ. ಬೆಳಗ್ಗೆ ಎದ್ದು ತಾನೇ ಗಾ‌ಡಿ ಕಟ್ಟಿ, ತಾನೇ ಹೊಡೆದುಕೊಂಡು ಹೊಸಕೋಟೆಗೆ ತರಕಾರಿ ತರುತ್ತಿದ್ದರು. ಹೆಂಗಸು ಗಾಡಿ ಹೊಡೆಯುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಆಮೇಲಾಮೇಲೆ ನಿಲ್ಲುವುದನ್ನು ಬಿಟ್ಟರು.

ಅವರೆಕಾಯಿ ಕಾಲ ಬಂತು. ಒಂದು ದಿನ ಪಾಠ ಮಾಡುತ್ತಿದ್ದೆ. ಕಿಟಕಿಯ ಹೊರಗೆ ಮುನಿತಾಯಮ್ಮ ನಿಂತಿದ್ದರು. ಹೊರಗೆ ಬಂದೆ. ಬುಟ್ಟಿ ತುಂಬ ಅವರೆಕಾಯಿ ನನ್ನ ಕಾಲ ಬಳಿ ಇಟ್ಟು, ಬಂತು ಮೇಷ್ಟ್ರೇ, ಪೂರ್ತಿ ಬಂತು ಎಂದರು. ಪಟೇಲರೇ ಜೊತೆಗೆ ಬಂದು ಚೆಕ್ಕನ್ನು ಬ್ಯಾಂಕಿಗೆ ಹಾಕಿಸಿಕೊಟ್ಟರಂತೆ. ಅಲ್ಲಿಗೆ ಅವರ ಮುನಿಸೂ ಮುಗಿದಿತ್ತು. ಮೇಷ್ಟ್ರು ಆವತ್ತು ನಿಜ ಹೇಳಿದ್ದರಿಂದ ಆಯಿತು ಎಂದು ಆಕೆ ನನಗೇ ಕೈ ಮುಗಿದರು. ಆ ಬುಟ್ಟಿ ಎತ್ತಿಕೊಂಡು ಮನೆಗೆ ಹೋಗುವಾಗ ನನಗೆ ಆದ ನಾಚಿಕೆ ಜನ್ಮದಲ್ಲಿ ಇನ್ಯಾವಾಗಲೂ ಆಗಿಲ್ಲ.

ಆ ಊರಿನಲ್ಲಿ ಇದರಿಂದ ಒಂದು ವಿಚಿತ್ರ ನಡೆಯಿತು. ನನ್ನ ನಂತರ ಬಂದ ಏಜೆಂಟರು ಹೇಳುತ್ತಿದ್ದರು. ಅಲ್ಲಿ ಫಾರಂ ತುಂಬಿಸುವುದೆಂದರೆ ಅರ್ಧ ದಿನದ ಕೆಲಸವಂತೆ. ಬೀಡಿ, ನಶ್ಯ, ಎಲೆಅಡಿಕೆ, ಚಿಕ್ಕಂದಿನಲ್ಲಿ ಬಂದ ಜ್ವರ ಎಲ್ಲವನ್ನೂ ಕೇಳದೆಯೇ ಬರೆಸುತ್ತಾರಂತೆ. ಮದುವೆ ಮನೆಯಲ್ಲಿ ಒಂದೇ ಒಂದು ಸಿಗರೇಟು ಎಳೆದು ಕೆಮ್ಮಿದ್ದವನೂ, ಅದನ್ನೂ ಬರ್ಕೊಳ್ಳಿ ಎಂದನಂತೆ. ಬರೆದ ಮೇಲೆ ಓದಿ ಹೇಳಿಸಿಕೊಳ್ಳದೆ ಹೆಬ್ಬೆಟ್ಟು ಒತ್ತುವುದಿಲ್ಲವಂತೆ. ಹೀಗೆ ಪಟ್ಟು ಹಿಡಿಯುವವರಲ್ಲಿ ಮೊದಲಿಗರು ಪಟೇಲ್ ಚಿಕ್ಕಣ್ಣನವರು.

ನಾನು ಆಮೇಲೆ ಮೇಷ್ಟ್ರ ಕೆಲಸವನ್ನೂ ಬಿಟ್ಟು ಪತ್ರಿಕೆಗೆ ಸೇರಿದೆ, ನೆಲಮಂಗಲಕ್ಕೆ ಮನೆ ಬದಲಾಯಿಸಿದೆ. ವರ್ಷಗಳು ಹೋದವು. ಆದರೆ ಒಂದು ಪ್ರಶ್ನೆ ನನ್ನೊಳಗೆ ಹಾಗೇ ಉಳಿದಿತ್ತು. ಭಾನುವಾರ ಆ ಏಜೆಂಟರು ಹೋದ ಮೇಲೆ ಕೂರಲಾಗಲಿಲ್ಲ. ಗುರುವಾರ ರಜೆ ಹಾಕಿ ಎರಡು ಬಸ್ಸು ಬದಲಾಯಿಸಿ ಹೊಸಕೋಟೆಗೆ, ಅಲ್ಲಿಂದ ಆ ಹಳ್ಳಿಗೆ ಹೋದೆ.

ಮುನಿತಾಯಮ್ಮ ತೋಟದಲ್ಲಿ ಮೂಲಂಗಿ ಕೀಳುತ್ತಿದ್ದರು. ತಲೆ ನರೆತಿದೆ. ನಡು ನೆಟ್ಟಗೇ ಇದೆ. ದೊಡ್ಡ ಮಗಳು ಈಗ ದೇವನಹಳ್ಳಿಯಲ್ಲಿ ನರ್ಸು. ಚಿಕ್ಕವಳು ಟೀಚರ್ಸ್ ಟ್ರೈನಿಂಗ್ ಓದುತ್ತಿದ್ದಾಳೆ. ಯಾರ ಬಾಗಿಲಲ್ಲೂ ನಿಲ್ಲಲಿಲ್ಲ ಮೇಷ್ಟ್ರೇ ಎಂದು ಆಕೆಯೇ ಹೇಳಿದರು. ಬದುವಿನ ಮೇಲೆ ಕೂತೆವು. ನಾನು ಕೇಳಿದೆ. ಊರೆಲ್ಲ ನಿಮ್ಮ ಕಡೆ ಇತ್ತು, ಆಸ್ಪತ್ರೆಯ ಕಾಗದದ ವಿಷಯ ನಿಮಗೆ ಗೊತ್ತಿರಲಿಲ್ಲ, ಸುಮ್ಮನಿದ್ದರೆ ದುಡ್ಡು ಬರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು, ಆದರೂ ಯಾಕೆ ಹೇಳಿದಿರಿ?

ಆಕೆ ಕೈಯಲ್ಲಿದ್ದ ಮೂಲಂಗಿಯ ಮಣ್ಣು ಒರೆಸಿದರು.

"ಹದಿನಾಲ್ಕು ವರ್ಷ ಆ ಬೀಡಿ ವಾಸನೆ ಜೊತೆ ಬಾಳಿದೀನಿ. ಅವರು ಬೀಡಿ ಸೇದ್ತಾನೇ ಇರ್ಲಿಲ್ಲ ಅಂದ್ಬಿಟ್ರೆ, ನಾನು ಬಾಳಿದ್ದು ಯಾರ ಜೊತೆ ಮೇಷ್ಟ್ರೇ?"

ಆಮೇಲೆ ಅಸಲು ಪ್ರಶ್ನೆ ಕೇಳಿದೆ. ಫಾರಮ್ಮಿನಲ್ಲಿ ನಾನು ತಪ್ಪು ಬರೆದಿದ್ದೇನೆ ಅಂತ ನಿಮಗೆ ಆವತ್ತು ಗೊತ್ತಿತ್ತಾ?

ಗೊತ್ತಿತ್ತು ಎಂದರು. ಬೀಡಿಯ ಮಾತು ಎತ್ತಬೇಡಿ ಅಂತ ನೀವು ಸೈಕಲ್ ಮೇಲೆ ಬಂದು ಹೇಳಿದ ದಿನವೇ ಗೊತ್ತಾಯಿತು ಎಂದರು. ಹಾಗಾದರೆ, ನಾನು ಸುಳ್ಳು ಹೇಳುವವನಲ್ಲ ಎಂದು ರಾಯರಿಗೆ ಯಾಕೆ ಹೇಳಿದಿರಿ ಎಂದೆ.

ಮುನಿತಾಯಮ್ಮ ನಕ್ಕರು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗಂದ್ರೆ ನೀವು ಸುಳ್ಳು ಹೇಳಲ್ಲ ಅಂದ್ಕೊಂಡೆ."

ಅನುಮಾನಪಟ್ಟು ಮನುಷ್ಯರನ್ನು ಕೆಡಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಸುಳ್ಳುಗಾರ ಎಂದು ಗೊತ್ತಿದ್ದೂ ನಂಬಿ, ನೆಟ್ಟಗೆ ಮಾಡಿದವರನ್ನು ನೀವೆಷ್ಟು ಜನ ನೋಡಿದ್ದೀರಿ?